ಮುಖ ಕಳಕೊಂಡ 18 ಶಿಲ್ಪಗಳು: ಜೇಕಬ್ ಎಪ್‌ಸ್ಟೈನ್‌ನ ಸ್ಟ್ರಾಂಡ್ ಪ್ರಕರಣ

ಲಂಡನ್ನಿನ ಚೇರಿಂಗ್ ಕ್ರಾಸ್ ರೈಲ್ವೆ ನಿಲ್ದಾಣದ ಎದುರು ಸ್ಟ್ರಾಂಡ್ ಅನ್ನೋ ದೊಡ್ಡ ರಸ್ತೆ ಇದೆ. ರಸ್ತೆ ದಾಟಿ ಏಗರ್ ಸ್ಟ್ರೀಟಿನ ಮೂಲೆಗೆ ಬಂದರೆ ಒಂದು ಹಳೇ ಕಲ್ಲಿನ ಕಟ್ಟಡ ಸಿಗುತ್ತದೆ. ಈಗ ಅದು ಜಿಂಬಾಬ್ವೆಯ ರಾಯಭಾರ ಕಚೇರಿ. ಸುಮ್ನೆ ನಡೆದು ಹೋಗುವವರಿಗೆ ವಿಶೇಷ ಏನೂ ಕಾಣುವುದಿಲ್ಲ. ನಿಂತು ತಲೆ ಎತ್ತಬೇಕು. ಮೇಲಿನ ಕಿಟಕಿಗಳ ಅಕ್ಕಪಕ್ಕ, ಕಿರಿದಾದ ಜಾಗಗಳಲ್ಲಿ, ಆಳೆತ್ತರಕ್ಕಿಂತ ದೊಡ್ಡ ಬೆತ್ತಲೆ ಶಿಲ್ಪಗಳು ನಿಂತಿವೆ. ಒಟ್ಟು 18. ಯಾವುದಕ್ಕೂ ಸರಿಯಾದ ಮುಖವಿಲ್ಲ. ಕಣ್ಣು, ಮೂಗು, ಬಾಯಿ ಇರಬೇಕಾದ ಕಡೆ ಉಳಿ ತಿಂದ ಒರಟು ಕಲ್ಲು. ಎಷ್ಟೋ ಕೈಗಳು ಅರ್ಧಕ್ಕೇ ನಿಂತುಹೋಗಿವೆ.

ಮೂಗು ಮುರಿದ, ಕೈ ಮುರಿದ ವಿಗ್ರಹಗಳನ್ನು ನೋಡಿ ಬೆಳೆದವರು ನಾವು. ಇಂಥದ್ದನ್ನು ನೋಡಿದ ಕೂಡಲೇ ನಮಗೆ ಹೊಳೆಯುವುದು ಯುದ್ಧ, ದಾಳಿ, ಲೂಟಿ. ಇಲ್ಲಿ ಅದೇನೂ ನಡೆದಿಲ್ಲ. 1937ರಲ್ಲಿ, ಶಾಂತಿಯ ಕಾಲದಲ್ಲಿ, ಅಟ್ಟಣಿಗೆ ಕಟ್ಟಿಸಿ, ಕೂಲಿ ಕೊಟ್ಟು ಮಾಡಿಸಿದ ಕೆಲಸ ಇದು. ಶಿಲ್ಪಿ ಆಗ ಅದೇ ಊರಿನಲ್ಲಿ ಬದುಕಿದ್ದ. ಬೇಡ ಬೇಡ ಎಂದು ಹೇಳುತ್ತಲೇ ಇದ್ದ.

ಈ ಪ್ರಕರಣವನ್ನು ವಿವರವಾಗಿ ಬರೆಯಲು ಒಂದು ಕಾರಣ ಇದೆ. ಇದನ್ನು ಸಾಮಾನ್ಯವಾಗಿ 1908ರ ಅಶ್ಲೀಲತೆಯ ಗಲಾಟೆ ಎಂದೇ ಹೇಳುತ್ತಾರೆ. ಆದರೆ ಆ ಗಲಾಟೆಯಲ್ಲಿ ಶಿಲ್ಪಗಳು ಗೆದ್ದಿದ್ದವು. ಅವು ಸೋತದ್ದು 29 ವರ್ಷ ಆದಮೇಲೆ, ಬೇರೆಯೇ ಒಂದು ಮಾತಿಗೆ.

ಕೆಲಸ ಸಿಕ್ಕಿದ್ದು ಹೇಗೆ

ಜೇಕಬ್ ಎಪ್‌ಸ್ಟೈನ್ ಹುಟ್ಟಿದ್ದು 1880ರಲ್ಲಿ, ನ್ಯೂಯಾರ್ಕಿನಲ್ಲಿ. ಪೋಲೆಂಡಿನಿಂದ ವಲಸೆ ಬಂದ ಯಹೂದಿ ಕುಟುಂಬ. ಹುಡುಗನಾಗಿದ್ದಾಗ ತನ್ನ ಕೇರಿಯ ಜನರನ್ನೇ ಚಿತ್ರ ಬರೆಯುತ್ತಿದ್ದ. ಅಲ್ಲಿನ ಯಹೂದಿ ಬದುಕಿನ ಬಗೆಗಿನ ಒಂದು ಪುಸ್ತಕಕ್ಕೆ ಚಿತ್ರ ಬರೆದು ಬಂದ ಹಣದಲ್ಲಿ 1902ರಲ್ಲಿ ಪ್ಯಾರಿಸಿಗೆ ಹೋದ. ಅಲ್ಲಿ ಕಲಿತು 1905ರಲ್ಲಿ ಲಂಡನ್ನಿಗೆ ಬಂದ. ಆಮೇಲೆ ಬ್ರಿಟಿಷ್ ಪ್ರಜೆಯೂ ಆದ.

1907ರಲ್ಲಿ ಅವನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಆಗ ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್, ಅಂದರೆ ವೈದ್ಯರ ಸಂಘ, ಸ್ಟ್ರಾಂಡಿನಲ್ಲಿ ಹೊಸ ಕಟ್ಟಡ ಕಟ್ಟಿಸುತ್ತಿತ್ತು. ವಾಸ್ತುಶಿಲ್ಪಿ ಚಾರ್ಲ್ಸ್ ಹೋಲ್ಡನ್. ಫ್ರಾನ್ಸಿಸ್ ಡಾಡ್ ಎಂಬ ಚಿತ್ರಕಾರ ಹೋಲ್ಡನ್‌ಗೆ ಈ ಹುಡುಗನ ಬಗ್ಗೆ ಹೇಳಿದ. 26-27 ವಯಸ್ಸಿನವನ ಕೈಗೆ 18 ಶಿಲ್ಪಗಳ ಕೆಲಸ ಬಂತು. ಅಲ್ಲಿವರೆಗೆ ಅವನು ಅಷ್ಟು ದೊಡ್ಡದನ್ನು ಮಾಡಿಯೇ ಇರಲಿಲ್ಲ.

ಆಗಿನ ಬ್ರಿಟನ್ನಿನಲ್ಲಿ ಸಾರ್ವಜನಿಕ ಶಿಲ್ಪ ಅಂದರೆ ಹೇಗಿರುತ್ತಿತ್ತು? ನಮಗೆ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿರುವ ವಿಕ್ಟೋರಿಯಾ ರಾಣಿಯ ಪ್ರತಿಮೆ ನೋಡಿ. ಅದು ಥಾಮಸ್ ಬ್ರಾಕ್‌ನ ಕೆಲಸ, 1906ರಲ್ಲಿ ಅನಾವರಣ ಆಯಿತು. ಅಂದರೆ ಎಪ್‌ಸ್ಟೈನ್‌ಗೆ ಸ್ಟ್ರಾಂಡ್ ಕೆಲಸ ಸಿಗುವ ಹಿಂದಿನ ವರ್ಷ. ಬಟ್ಟೆಯ ಮಡಿಕೆ ಮಡಿಕೆಯೂ ಅಚ್ಚುಕಟ್ಟು, ಮುಖದಲ್ಲಿ ಗಾಂಭೀರ್ಯ, ಕೈಯಲ್ಲಿ ರಾಜದಂಡ. ಬ್ರಾಕ್ ಒಳ್ಳೇ ಕೆಲಸಗಾರ, ಅದರಲ್ಲಿ ಎರಡು ಮಾತಿಲ್ಲ. ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆ ಮುಂದೆ 1911ರಲ್ಲಿ ಅನಾವರಣಗೊಂಡ ವಿಕ್ಟೋರಿಯಾ ಸ್ಮಾರಕವೂ ಅವನದೇ. ದೊಡ್ಡವರಿಗೆ ಕಲ್ಲಿನಲ್ಲಿ ಗೌರವ ಸಲ್ಲಿಸುವುದು, ಇದು ಆ ಕಾಲದ ಶಿಲ್ಪಿಯ ಉದ್ಯೋಗ.

ಎಪ್‌ಸ್ಟೈನ್ ಆರಿಸಿಕೊಂಡದ್ದು ಬೇರೆ. ವೈದ್ಯರ ಕಟ್ಟಡ ಅಲ್ವಾ, ಹಾಗಾದರೆ ಮನುಷ್ಯನ ಮೈ ಇರಲಿ ಎಂದ. ಹುಟ್ಟಿನಿಂದ ಮುಪ್ಪಿನವರೆಗೆ. ಗಾಜಿನ ಪಾತ್ರೆಯನ್ನೇ ದಿಟ್ಟಿಸುವ ಒಬ್ಬ ರಸಾಯನ ಸಂಶೋಧಕ. ಹಾವು, ಬಟ್ಟಲು ಹಿಡಿದ ಆರೋಗ್ಯದೇವತೆ ಹೈಜಿಯಾ. ಕೈಯಲ್ಲಿ ಬಂಡೆ ಹಿಡಿದ ಒಬ್ಬ, ಆ ಬಂಡೆಯೊಳಗೆ ಮಸುಕಾಗಿ ಮೂಡುತ್ತಿರುವ ಮಗುವಿನ ಆಕಾರ. ಆಗ ತಾನೇ ಹುಟ್ಟಿದ ಕೂಸನ್ನು ಎತ್ತಿ ತೋರಿಸುವ ಮುದುಕಿ. ಮಗುವನ್ನು ತೋಳಿನಲ್ಲಿ ಹಿಡಿದು ಅದರ ಮೇಲೆ ಬಾಗಿ ಯೋಚನೆಯಲ್ಲಿ ಮುಳುಗಿದ ತಾಯಿ. ನನಗೆ ಈ ಕೊನೆಯ ಎರಡು ಬಹಳ ಇಷ್ಟ. ರಾಜರಿಗೂ ಸೇನಾಪತಿಗಳಿಗೂ ಮೀಸಲಾಗಿದ್ದ ಎತ್ತರಕ್ಕೆ ಒಬ್ಬ ಸೂಲಗಿತ್ತಿಯಂಥ ಮುದುಕಿಯನ್ನು ಹತ್ತಿಸಿದ್ದು ಸಣ್ಣ ಮಾತಲ್ಲ.

ಸುಮಾರು 14 ತಿಂಗಳಲ್ಲಿ 18 ಶಿಲ್ಪಗಳೂ ಮುಗಿದವು. ಮೊದಲು ಮಣ್ಣಿನಲ್ಲಿ ಮಾಡುವುದು, ಅದರಿಂದ ಪ್ಲಾಸ್ಟರ್ ಅಚ್ಚು ತೆಗೆಯುವುದು, ಆ ಪ್ಲಾಸ್ಟರ್ ಮಾದರಿ ನೋಡಿಕೊಂಡು ಕಟ್ಟಡದ ಮೇಲೇ ಕಲ್ಲಿನಲ್ಲಿ ಕೆತ್ತುವುದು. ಕಲ್ಲುಕೆತ್ತುವವರ ನೆರವು ಇತ್ತು. ಆಗ ಎಲ್ಲರೂ ಹೀಗೇ ಮಾಡುತ್ತಿದ್ದರು. ಕಲ್ಲು ಪೋರ್ಟ್‌ಲ್ಯಾಂಡ್ ಸ್ಟೋನ್ ಎಂಬ ಬಿಳಿ ಸುಣ್ಣಕಲ್ಲು, ಸಂತ ಪಾಲರ ಕೆಥೀಡ್ರಲ್ ಕಟ್ಟಿದ್ದೂ ಅದರಲ್ಲೇ. ಈ ಕಲ್ಲಿನ ಜಾತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1908: ಕೂಗು

ಜೂನ್ 1908ರಲ್ಲಿ ಮೊದಲ ಕೆಲವು ಶಿಲ್ಪಗಳ ಮುಂದಿನ ಅಟ್ಟಣಿಗೆ ತೆಗೆದರು. ನೈತಿಕತೆಯ ಕಾವಲಿಗೆಂದೇ ಇದ್ದ ನ್ಯಾಷನಲ್ ವಿಜಿಲೆನ್ಸ್ ಅಸೋಸಿಯೇಷನ್‌ನ ಕಚೇರಿ ಎದುರುಗಡೆಯೇ ಇತ್ತು. ಅವರ ಕಿಟಕಿ ತೆಗೆದರೆ ಬೆತ್ತಲೆ ಮೈಗಳು. ಜೂನ್ 19ರಂದು ಈವ್ನಿಂಗ್ ಸ್ಟ್ಯಾಂಡರ್ಡ್ ಪತ್ರಿಕೆಯಲ್ಲಿ ಮೊದಲ ದಾಳಿ ಬಂತು. ಎಚ್ಚರವಿರುವ ಯಾವ ತಂದೆಯೂ ತನ್ನ ಮಗಳಿಗೆ, ವಿವೇಕವಿರುವ ಯಾವ ಯುವಕನೂ ತಾನು ಮದುವೆಯಾಗುವ ಹುಡುಗಿಗೆ ತೋರಿಸಲು ಇಷ್ಟಪಡದಂಥ ಶಿಲ್ಪಗಳು ಇವು ಎಂಬರ್ಥದ ಮಾತು ಅದರಲ್ಲಿತ್ತು. ಅದರ ಪರಿಣಾಮ ಏನಾಯಿತು ಅಂತ ಬೇರೆ ಹೇಳಬೇಕಿಲ್ಲ. ನೋಡಲು ಜನ ಮುಗಿಬಿದ್ದರು.

ಬೆತ್ತಲೆ ಶಿಲ್ಪ ಲಂಡನ್ನಿಗೆ ಹೊಸದೇನೂ ಅಲ್ಲ. ಮ್ಯೂಸಿಯಮ್ಮುಗಳಲ್ಲಿ ಗ್ರೀಕ್ ದೇವತೆಗಳು ಬೆತ್ತಲಾಗಿಯೇ ನಿಂತಿದ್ದರು. ಕಲಾವಿದರ ಸಂಸ್ಥೆಯಾದ ರಾಯಲ್ ಅಕಾಡೆಮಿಯ ವಾರ್ಷಿಕ ಪ್ರದರ್ಶನದಲ್ಲೂ ಬೆತ್ತಲೆ ಇರುತ್ತಿತ್ತು. ಹಾಗಾದರೆ ಇಲ್ಲಿ ಚುಚ್ಚಿದ್ದು ಏನು? ನನಗೆ ತೋರುವುದು ಇಷ್ಟು. ಅಲ್ಲಿನ ಮೈಗಳು ಯಾರದೂ ಅಲ್ಲ, ನುಣುಪು ಮಾಡಿ ವಯಸ್ಸು ಅಳಿಸಿದ ಮೈಗಳು. ಇಲ್ಲಿದ್ದದ್ದು ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರ ಮೈ. ಹೆತ್ತ ಹೊಟ್ಟೆ, ಜೋತುಬಿದ್ದ ಚರ್ಮ, ಗಂಡಸಿನ ಗಂಡಸುತನ. ಅದೂ ಟಿಕೆಟ್ ಕೊಟ್ಟು ಒಳಗೆ ಹೋಗಿ ನೋಡುವ ಜಾಗದಲ್ಲಲ್ಲ, ನಡುರಸ್ತೆಯಲ್ಲಿ.

ಆದರೆ ಬೆಂಬಲವೂ ಅಷ್ಟೇ ಜೋರಾಗಿ ಬಂತು. ಟೈಮ್ಸ್ ಪತ್ರಿಕೆ ಶಿಲ್ಪಿಯ ಪರ ನಿಂತಿತು. ವೈದ್ಯರ ಸಂಘದ ಸ್ವಂತ ಪತ್ರಿಕೆಯೂ ಸಮರ್ಥಿಸಿತು. ಕಲಾವಿದರು ಪತ್ರ ಬರೆದರು. ಎಲ್ಲಕ್ಕಿಂತ ಮುಖ್ಯವಾಗಿ ಸ್ಟೆಪ್ನಿಯ ಬಿಷಪ್ ಕಾಸ್ಮೊ ಗಾರ್ಡನ್ ಲ್ಯಾಂಗ್ ಖುದ್ದು ಏಣಿ ಹತ್ತಿ ಶಿಲ್ಪಗಳನ್ನು ಹತ್ತಿರದಿಂದ ನೋಡಿ, ಇದರಲ್ಲಿ ಅಸಭ್ಯ ಎಂಬುದೇನೂ ಇಲ್ಲ ಎಂದರು. ಮುಂದೆ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆದವರು ಇವರೇ. ಧರ್ಮಗುರುವೇ ಏಣಿ ಹತ್ತಿ ನೋಡಿ ಬಂದ ಮೇಲೆ ಕೂಗುವವರ ಬಾಯಿ ತಾನಾಗಿ ಕಟ್ಟಿತು. ಸಂಘ ಗಟ್ಟಿ ನಿಂತಿತು. 18 ಶಿಲ್ಪಗಳೂ ಉಳಿದವು.

ಶಿಲ್ಪಿಗೆ ಮಾತ್ರ ಬೆಲೆ ತೆರಬೇಕಾಯಿತು. ಅದೇ ವರ್ಷದ ಕೊನೆಗೆ ಪ್ಯಾರಿಸಿನಲ್ಲಿರುವ ಆಸ್ಕರ್ ವೈಲ್ಡ್‌ನ ಸಮಾಧಿಗೆ ಶಿಲ್ಪ ಮಾಡುವ ಕೆಲಸ ಸಿಕ್ಕಿತು, ನಿಜ. ಆದರೆ ಕಟ್ಟಡದ ಮೇಲೆ ಕೆತ್ತುವ ಕೆಲಸವನ್ನು ಮುಂದಿನ ಸುಮಾರು 20 ವರ್ಷ ಯಾರೂ ಕೊಡಲಿಲ್ಲ. 1928ರಲ್ಲಿ ಕೊಟ್ಟವನೂ ಮತ್ತೆ ಅದೇ ಹೋಲ್ಡನ್. ಲಂಡನ್ನಿನ ಭೂಗತ ರೈಲಿನ ಮುಖ್ಯ ಕಚೇರಿ, 55 ಬ್ರಾಡ್‌ವೇಯಲ್ಲಿ. ಈ ಹೋಲ್ಡನ್ ಬಗ್ಗೆ ನನಗೆ ವಿಶೇಷ ಗೌರವ. ಒಮ್ಮೆ ಕೈ ಸುಟ್ಟುಕೊಂಡವನು ಮತ್ತೆ ಅದೇ ಬೆಂಕಿಗೆ ಕೈ ಹಾಕುವುದು ಎಲ್ಲರಿಂದಾಗುವ ಕೆಲಸವಲ್ಲ.

ಜೊತೆಗಾರರು

ಈ ನಡುವಿನ ವರ್ಷಗಳಲ್ಲಿ ಬ್ರಿಟಿಷ್ ಶಿಲ್ಪವೇ ಬದಲಾಯಿತು. ಅದರಲ್ಲಿ ನಮ್ಮ ದೇಶದ ಪಾಲೂ ಇದೆ.

ಎರಿಕ್ ಗಿಲ್ ಎಂಬವನು ಮೊದಲು ಕಲ್ಲಿನಲ್ಲಿ ಅಕ್ಷರ ಕೆತ್ತುತ್ತಿದ್ದ. 1910ರ ಹೊತ್ತಿಗೆ ಆಕೃತಿಗಳನ್ನು ಕೆತ್ತಲು ಶುರುಮಾಡಿದ. ಮಣ್ಣಿನ ಮಾದರಿ ಬೇಡ, ಪ್ಲಾಸ್ಟರ್ ಬೇಡ, ನೇರವಾಗಿ ಕಲ್ಲಿಗೇ ಉಳಿ ಹಾಕಬೇಕು ಎಂಬುದು ಅವನ ಹಟ. ನಮ್ಮ ಶಿಲ್ಪಿಗಳಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ. ಅಲ್ಲಿ ಅದು ಕ್ರಾಂತಿ. ಗಿಲ್‌ಗೆ ಭಾರತೀಯ ಕಲೆಯ ವಿದ್ವಾಂಸ ಆನಂದ ಕುಮಾರಸ್ವಾಮಿಯವರ ಒಡನಾಟ ಇತ್ತು. ಕುಮಾರಸ್ವಾಮಿ 1914ರಲ್ಲಿ ಹೊರತಂದ 'ವಿಶ್ವಕರ್ಮ' ಎಂಬ ಭಾರತೀಯ ಕಲಾ ಸಂಪುಟಕ್ಕೆ ಮುನ್ನುಡಿ ಬರೆದವನು ಇದೇ ಗಿಲ್. ಭಾರತದ ಶಿಲ್ಪ ಕಲೆಯೇ ಅಲ್ಲ ಎಂದು ಲಂಡನ್ನಿನ ಪಂಡಿತರು ಹೇಳುತ್ತಿದ್ದ ಕಾಲ ಅದು. 1910ರ ಜನವರಿಯಲ್ಲಿ ಜಾರ್ಜ್ ಬರ್ಡ್‌ವುಡ್ ಎಂಬಾತ ರಾಯಲ್ ಸೊಸೈಟಿ ಆಫ್ ಆರ್ಟ್ಸ್ ಸಭೆಯಲ್ಲಿ ಜಾವಾದ ಒಂದು ಬುದ್ಧನ ಮೂರ್ತಿಯನ್ನು ಕೊಬ್ಬು ಹಾಕಿ ಬೇಯಿಸಿದ ಕಡುಬಿಗೆ ಹೋಲಿಸಿದ. ಅದಕ್ಕೆ ಸಿಟ್ಟಾದ ಕಲಾವಿದರು ಟೈಮ್ಸ್‌ಗೆ ಪತ್ರ ಬರೆದರು. ಅದೇ ವರ್ಷ ಭಾರತೀಯ ಕಲೆಯ ಪರವಾಗಿ ಇಂಡಿಯಾ ಸೊಸೈಟಿ ಎಂಬ ಸಂಘ ಹುಟ್ಟಿತು.

ಅದೇ 1910ರಲ್ಲಿ ಗಿಲ್ ಮತ್ತು ಎಪ್‌ಸ್ಟೈನ್ ಇಬ್ಬರೂ ಸಸೆಕ್ಸ್ ಸೀಮೆಯ ಬಯಲಲ್ಲಿ ದೊಡ್ಡ ದೊಡ್ಡ ಆಕೃತಿಗಳ ಒಂದು ದೇವಾಲಯದಂಥದ್ದನ್ನು ಕೆತ್ತಬೇಕೆಂದು ಕನಸು ಕಂಡರು. ಹಣ ಕೂಡಿಬರಲಿಲ್ಲ, ಕನಸು ಅಲ್ಲಿಗೇ ನಿಂತಿತು. ಎಪ್‌ಸ್ಟೈನ್ ಬ್ರಿಟಿಷ್ ಮ್ಯೂಸಿಯಮ್ಮಿಗೆ ಮತ್ತೆ ಮತ್ತೆ ಹೋಗಿ ಈಜಿಪ್ಟ್, ಅಸ್ಸೀರಿಯಾ, ಭಾರತದ ಶಿಲ್ಪಗಳನ್ನು ನೋಡುತ್ತಿದ್ದ. ಸ್ಟ್ರಾಂಡಿನ ತಾಯಿಯ ಶಿಲ್ಪದ ಸೊಂಟದ ಬಾಗಿನಲ್ಲೇ ಭಾರತೀಯ ಶಿಲ್ಪದ ನೆರಳಿದೆ ಎಂದು ಕಲಾ ಇತಿಹಾಸಕಾರರು ಗುರುತಿಸಿದ್ದಾರೆ. ಹಳೇ ಫೋಟೋ ನೋಡಿದರೆ ಆ ನಿಲುವು ನಮ್ಮ ಕಣ್ಣಿಗೆ ಕೂಡಲೇ ಗುರುತು ಸಿಗುತ್ತದೆ. ಮುಂದೆ ಅವನು ಟಾಗೋರರ (1926), ಆಮೇಲೆ ನೆಹರೂ ಅವರ ಕಂಚಿನ ತಲೆಗಳನ್ನೂ ಮಾಡಿದ.

ಫ್ರಾನ್ಸಿನಿಂದ ಬಂದ ಆನ್ರಿ ಗೋದಿಯೆ-ಬ್ರೆಜೆಸ್ಕಾ ಎಂಬ ಹುಡುಗ ಈ ಬಳಗದ ಇನ್ನೊಬ್ಬ. ಎಪ್‌ಸ್ಟೈನ್‌ನ ಕೆಲಸ ನೋಡಿ ಹುಚ್ಚು ಹಿಡಿದಂತೆ ಕೆತ್ತಿದ. 1915ರಲ್ಲಿ ಯುದ್ಧಭೂಮಿಯಲ್ಲಿ ಸತ್ತಾಗ ಅವನಿಗೆ 23 ವರ್ಷ.

ಎಪ್‌ಸ್ಟೈನ್ ಹೋದ ಕಡೆಯಲ್ಲೆಲ್ಲ ಜಗಳ ಹಿಂಬಾಲಿಸಿತು. 1925ರಲ್ಲಿ ಹೈಡ್ ಪಾರ್ಕಿನ ಅವನ 'ರೀಮಾ' ಶಿಲ್ಪಕ್ಕೆ ಹಸಿರು ಬಣ್ಣ ಎರಚಿದರು. 55 ಬ್ರಾಡ್‌ವೇಯ 'ಹಗಲು' ಶಿಲ್ಪದ ಹುಡುಗನ ಗುಪ್ತಾಂಗ ತೀರಾ ಉದ್ದವಾಯಿತು ಎಂದು 1929ರಲ್ಲಿ ರಾದ್ಧಾಂತ ನಡೆಯಿತು. ಕೊನೆಗೆ ಎಪ್‌ಸ್ಟೈನ್ ತಾನೇ ಉಳಿ ಹಿಡಿದು ಒಂದೂವರೆ ಇಂಚು ತೆಗೆದ. ಅದು ರಾಜಿ. ಆದರೆ ಅದನ್ನು ಮಾಡಿದ್ದು ಶಿಲ್ಪಿಯ ಕೈ, ಮತ್ತು ಆ ಶಿಲ್ಪ ಇವತ್ತಿಗೂ ಇಡಿಯಾಗಿ ಇದೆ. ಅದೇ ಕಟ್ಟಡದ ಮೇಲ್ಭಾಗದಲ್ಲಿ ದಿಕ್ಕುದಿಕ್ಕಿನ ಗಾಳಿಗಳನ್ನು ಮನುಷ್ಯರೂಪದಲ್ಲಿ ಕೆತ್ತಿದ ಗಿಲ್‌ನ ಶಿಲ್ಪಗಳಿವೆ, ಹೆನ್ರಿ ಮೂರ್ ಎಂಬ ಹೊಸ ಹುಡುಗ ಕೆತ್ತಿದ ಪಡುವಣ ಗಾಳಿಯೂ ಇದೆ. ಮೂರ್‌ಗೆ ಸಿಕ್ಕಿದ ಮೊದಲ ಸಾರ್ವಜನಿಕ ಕೆಲಸ ಅದು.

1935: ಮೊದಲ ಪ್ರಯತ್ನ

ವೈದ್ಯರ ಸಂಘ 1925ರಲ್ಲಿ ಟ್ಯಾವಿಸ್ಟಾಕ್ ಸ್ಕ್ವೇರಿನ ಹೊಸ ಜಾಗಕ್ಕೆ ಹೋಯಿತು. ನನ್ನ ಲೆಕ್ಕದಲ್ಲಿ ಪ್ರಕರಣದ ತಿರುವು ಇದೇ. ಶಿಲ್ಪ ಮಾಡಿಸಿದವರು, ಅದಕ್ಕಾಗಿ ಬೈಸಿಕೊಂಡವರು, ಅದನ್ನು ಉಳಿಸಿಕೊಂಡವರು ಹೊರಟುಹೋದರು. ಹಿಂದೆ ಉಳಿದ ಶಿಲ್ಪಗಳಿಗೆ ತನ್ನವರು ಅನ್ನುವವರು ಇಲ್ಲದಂತಾಯಿತು.

1935ರಲ್ಲಿ ದಕ್ಷಿಣ ರೊಡೇಸಿಯಾದ ಸರ್ಕಾರ ಕಟ್ಟಡ ಕೊಂಡಿತು. ಈಗಿನ ಜಿಂಬಾಬ್ವೆ ಆಗ ಬಿಳಿಯರ ಆಡಳಿತದಲ್ಲಿದ್ದ ವಸಾಹತು. ಸರ್ಕಾರಿ ಕಟ್ಟಡದ ಗಾಂಭೀರ್ಯಕ್ಕೆ ಈ ಶಿಲ್ಪಗಳು ಒಗ್ಗುವುದಿಲ್ಲ, ತೆಗೆಸುತ್ತೇವೆ ಎಂದರು. ಮತ್ತೆ ಪತ್ರಿಕೆಗಳಲ್ಲಿ ಪ್ರತಿಭಟನೆ. ಉಳಿಸಿ ಎಂಬ ಮನವಿಗೆ ನ್ಯಾಷನಲ್ ಗ್ಯಾಲರಿಯ ನಿರ್ದೇಶಕ ಕೆನೆತ್ ಕ್ಲಾರ್ಕ್ ಅಂಥವರು ಸಹಿ ಹಾಕಿದರು. ರಾಯಲ್ ಅಕಾಡೆಮಿಯ ಅಧ್ಯಕ್ಷ ವಿಲಿಯಂ ಲುವೆಲಿನ್‌ಗೂ ಕೇಳಿದರು. ಆತ ಸಹಿ ಹಾಕಲಿಲ್ಲ.

ಇದು ನನಗೆ ಈಗಲೂ ನೋವು ಕೊಡುವ ಸಂಗತಿ. ಎಪ್‌ಸ್ಟೈನ್‌ನ ಶಿಲ್ಪ ಇಷ್ಟವಾಗಬೇಕು ಎಂದೇನಿಲ್ಲ. ಆದರೆ ಕಲಾವಿದರ ಮನೆಯ ಯಜಮಾನನಂಥ ಸ್ಥಾನದಲ್ಲಿ ಕೂತವರು, ಇನ್ನೊಬ್ಬ ಕಲಾವಿದನ ಕೆಲಸವನ್ನು ಒಡೆಯಬೇಡಿ ಎಂದಷ್ಟೇ ಹೇಳಬೇಕಾಗಿತ್ತು. ಹೇಳಲಿಲ್ಲ. ಚಿತ್ರಕಾರ ವಾಲ್ಟರ್ ಸಿಕರ್ಟ್‌ಗೆ ಆಗ ಸುಮಾರು 75 ವರ್ಷ. ಅಕಾಡೆಮಿಯ ಪೂರ್ಣ ಸದಸ್ಯತ್ವ ಸಿಕ್ಕಿ ಒಂದು ವರ್ಷ ಆಗಿತ್ತಷ್ಟೇ. ಇದನ್ನು ಪ್ರತಿಭಟಿಸಿ ಅವನು ರಾಜೀನಾಮೆ ಕೊಟ್ಟುಬಿಟ್ಟ.

ಆ ಗದ್ದಲಕ್ಕೆ ಸರ್ಕಾರ ಹಿಂದೆ ಸರಿಯಿತು. ಶಿಲ್ಪಗಳು ಎರಡನೇ ಸಲ ಬದುಕಿಕೊಂಡವು.

1937: 'ಅಪಾಯ'

ಈಗ ಕಲ್ಲಿನ ವಿಷಯಕ್ಕೆ ಬರೋಣ. ಪೋರ್ಟ್‌ಲ್ಯಾಂಡ್ ಸ್ಟೋನ್ ಗಟ್ಟಿಯೇ. ಆದರೆ ಅದು ಸುಣ್ಣಕಲ್ಲು. ಅಂದಿನ ಲಂಡನ್ನಿನಲ್ಲಿ ಮನೆ ಮನೆಗೂ ಕಲ್ಲಿದ್ದಲ ಒಲೆ. ಕಲ್ಲಿದ್ದಲ ಹೊಗೆಯಲ್ಲಿ ಗಂಧಕ. ಅದು ಮಳೆ ನೀರಿಗೆ ಸೇರಿ ಆಮ್ಲ ಆಗುತ್ತದೆ. ಆ ನೀರು ಬಿದ್ದಲ್ಲಿ ಸುಣ್ಣಕಲ್ಲಿನ ಮೇಲ್ಮೈ ಜಿಪ್ಸಮ್ ಆಗಿ ಮೆತ್ತಗಾಗುತ್ತದೆ. ಮಳೆ ನೇರವಾಗಿ ಹೊಡೆಯುವ ಕಡೆ ಅದು ತೊಳೆದು ಹೋಗುತ್ತದೆ, ಮಳೆ ತಾಗದ ಸಂದಿಯಲ್ಲಿ ಕಪ್ಪು ಹೊಪ್ಪಳೆ ಕಟ್ಟಿ ಆಮೇಲೆ ಉದುರುತ್ತದೆ. ಸಾದಾ ಗೋಡೆ ಇದನ್ನು ಎಷ್ಟೋ ಕಾಲ ತಡೆದುಕೊಳ್ಳುತ್ತದೆ. ಶಿಲ್ಪದ ಮೂಗು, ಗಲ್ಲ, ಬೆರಳು, ಮೊಣಕಾಲು ತಡೆಯುವುದಿಲ್ಲ. ಗೋಡೆಯಿಂದ ಮುಂದೆ ಚಾಚಿಕೊಂಡದ್ದಕ್ಕೇ ಪೆಟ್ಟು ಮೊದಲು. ಶಿಲ್ಪದಲ್ಲಿ ಮುಂದೆ ಚಾಚಿಕೊಂಡಿರುವುದು ಮುಖ ಮತ್ತು ಕೈ, ಅಂದರೆ ಅದರ ಜೀವ.

1937ರ ಮೇ 12ರಂದು ಆರನೇ ಜಾರ್ಜ್ ದೊರೆಯ ಪಟ್ಟಾಭಿಷೇಕ. ಬೀದಿಯ ಕಟ್ಟಡಗಳಿಗೆಲ್ಲ ಅಲಂಕಾರ. ಅದನ್ನು ತೆಗೆಯುವ ಹೊತ್ತಿಗೆ ಒಂದು ಶಿಲ್ಪದ ತುಂಡು ಕಳಚಿ ಫುಟ್‌ಪಾತಿಗೆ ಬಿತ್ತು.

ಅಷ್ಟೇ ಸಾಕಾಯಿತು. ಎರಡು ವರ್ಷದ ಹಿಂದೆ ತೆಗೆಸಲು ಹೊರಟವರ ಕೈಗೇ ಈಗ ಕಾರಣ ಬಂದು ಬಿದ್ದಿತ್ತು. ಜನರ ತಲೆ ಮೇಲೆ ಕಲ್ಲು ಬೀಳಬಹುದು ಎಂದಾಗ ಯಾರು ತಾನೇ ಎದುರು ಮಾತಾಡುತ್ತಾರೆ? ಅಶ್ಲೀಲ ಎಂದರೆ ಬಿಷಪ್ ಏಣಿ ಹತ್ತಿ ಬಂದು ಅಲ್ಲ ಎನ್ನಬಹುದು. ಗಾಂಭೀರ್ಯ ಇಲ್ಲ ಎಂದರೆ ಕೆನೆತ್ ಕ್ಲಾರ್ಕ್ ಇದೆ ಎನ್ನಬಹುದು. ಅಪಾಯ ಎಂಬ ಮಾತಿಗೆ ಕಲೆಯ ಕಡೆಯಿಂದ ಉತ್ತರವೇ ಇಲ್ಲ.

ಎಪ್‌ಸ್ಟೈನ್ ಬಹಿರಂಗವಾಗಿ ಪ್ರತಿಭಟಿಸಿದ. ಫಲ ಸಿಗಲಿಲ್ಲ. ಮುಂದೆ ಚಾಚಿದ್ದನ್ನೆಲ್ಲ ಕೆತ್ತಿ ಹಾಕಿದರು. ಮುಖಗಳು, ಕೈಗಳು, ಪಾದಗಳು ಹೋದವು. ಅಪಾಯ ಇದ್ದದ್ದು ಸುಳ್ಳು ಎಂದು ನಾನು ಹೇಳುತ್ತಿಲ್ಲ. ಒಂದು ತುಂಡು ಬಿದ್ದದ್ದು ನಿಜ, ಇನ್ನೊಂದು ಬೀಳಬಹುದಿತ್ತು. ಆದರೆ ಸಡಿಲ ಆದದ್ದನ್ನು ಒಂದೊಂದಾಗಿ ನೋಡಿ ಕಲ್ಲಿಗೆ ಕಲ್ಲು ಕೂಡಿಸುವ ವಿದ್ಯೆ ಆಗಲೂ ಇತ್ತು. ಹಳೇ ಚರ್ಚುಗಳಲ್ಲಿ ಅದೇ ಕೆಲಸ ದಿನವೂ ನಡೆಯುತ್ತಿತ್ತು. ದುರಸ್ತಿ ಆಗುವವರೆಗೆ ಕೆಳಗೆ ಒಂದು ತಡೆ ಕಟ್ಟಬಹುದಿತ್ತು. ಶಿಲ್ಪಿಯನ್ನೇ ಕರೆದು ನಿಲ್ಲಿಸಿಕೊಳ್ಳಬಹುದಿತ್ತು. ಅವನಿಗಿನ್ನೂ 56 ವರ್ಷ, ಕೈಯಲ್ಲಿ ಕಸುವಿತ್ತು. ಆಮೇಲೂ 20 ವರ್ಷಕ್ಕಿಂತ ಜಾಸ್ತಿ ಕೆಲಸ ಮಾಡಿದ. ಉಳಿಸಲೇಬೇಕು ಎಂಬ ಮನಸ್ಸಿದ್ದ ಮಾಲೀಕ ಈ ದಾರಿಗಳನ್ನು ಹುಡುಕುತ್ತಿದ್ದ. ಮೊದಲೇ ಬೇಡವಾಗಿದ್ದ ಮಾಲೀಕನಿಗೆ ಅತಿ ಸುಲಭದ ದಾರಿಯೇ ಸಾಕೆನಿಸಿತು.

ಕಾನೂನಿನಲ್ಲಿ ಶಿಲ್ಪಿಗೆ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಕೃತಿಯನ್ನು ವಿರೂಪ ಮಾಡದಂತೆ ತಡೆಯುವ ಹಕ್ಕು ಬ್ರಿಟಿಷ್ ಕಾಯ್ದೆಯಲ್ಲಿ ಸರಿಯಾಗಿ ಬಂದದ್ದು 1988ರಲ್ಲಿ. ನಮ್ಮಲ್ಲಿ 1957ರ ಕಾಪಿರೈಟ್ ಕಾಯ್ದೆಯ 57ನೇ ಸೆಕ್ಷನ್ನಿನಲ್ಲೇ ಆ ಹಕ್ಕು ಇದೆ. ದೆಹಲಿಯ ವಿಜ್ಞಾನ ಭವನದ ಗೋಡೆಯಲ್ಲಿದ್ದ ಅಮರನಾಥ್ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಉಗ್ರಾಣಕ್ಕೆ ಹಾಕಿದ್ದರು. ಅವರು ಇದೇ ಸೆಕ್ಷನ್ ಹಿಡಿದು ಹೋರಾಡಿದರು. 2005ರಲ್ಲಿ ದೆಹಲಿ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟು, ಉಳಿದ ತುಂಡುಗಳನ್ನು ಹಿಂದಿರುಗಿಸಿ 5 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದಿತು. ಎಪ್‌ಸ್ಟೈನ್ ಹೋಗಿ ಬಾಗಿಲು ತಟ್ಟಲು ಅಂಥ ಕೋರ್ಟೇ ಇರಲಿಲ್ಲ.

ಆಮೇಲೆ

1940ರಲ್ಲಿ ಬಂದ ತನ್ನ ಆತ್ಮಕಥೆಯಲ್ಲಿ ಎಪ್‌ಸ್ಟೈನ್ ಈ ಪ್ರಕರಣವನ್ನು ವಿವರವಾಗಿ ಬರೆದ. 1954ರಲ್ಲಿ ಅವನಿಗೆ ಸರ್ ಪದವಿ ಸಿಕ್ಕಿತು. 1959ರ ಆಗಸ್ಟಿನಲ್ಲಿ ತೀರಿಕೊಂಡ. ಆಧುನಿಕ ಶಿಲ್ಪಕ್ಕೆ ಬೀಳಬೇಕಾಗಿದ್ದ ಏಟುಗಳನ್ನು ಎಲ್ಲರಿಗಿಂತ ಮೊದಲು ತಿಂದವನು ಅವನು ಎಂಬರ್ಥದಲ್ಲಿ ಹೆನ್ರಿ ಮೂರ್ ಆಗ ನೆನೆದ. ಮೂರ್ ಹೊಸಬನಾಗಿದ್ದಾಗ ಅವನ ಶಿಲ್ಪಗಳನ್ನು ದುಡ್ಡು ಕೊಟ್ಟು ಕೊಂಡವನು, 1931ರ ಪ್ರದರ್ಶನಕ್ಕೆ ಮುನ್ನುಡಿ ಬರೆದುಕೊಟ್ಟವನು ಎಪ್‌ಸ್ಟೈನ್.

2009ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಒಂದು ದೊಡ್ಡ ಪ್ರದರ್ಶನ ಶುರುವಾಯಿತು. ಎಪ್‌ಸ್ಟೈನ್, ಗೋದಿಯೆ-ಬ್ರೆಜೆಸ್ಕಾ, ಗಿಲ್, ಮೂವರ ಕೆಲಸ ಒಂದೇ ಕಡೆ. ಬ್ರಿಟಿಷ್ ಶಿಲ್ಪವನ್ನು ಹೊಸದು ಮಾಡಿದವರು ಇವರು ಎಂದು ಗೌರವಿಸಿ ಏರ್ಪಡಿಸಿದ್ದು. ನಡೆದದ್ದು ರಾಯಲ್ ಅಕಾಡೆಮಿಯಲ್ಲೇ, 1935ರಲ್ಲಿ ಒಂದು ಸಹಿ ಸಿಗದ ಅದೇ ಸಂಸ್ಥೆಯಲ್ಲಿ. ಅಲ್ಲಿಂದ ಸ್ಟ್ರಾಂಡಿಗೆ ನಡೆದೇ ಹೋಗಬಹುದು. ಪ್ರದರ್ಶನ ಮೂರು ತಿಂಗಳು ನಡೆಯಿತು, ಚಳಿಗಾಲ, ಮಳೆಗಾಲ ಎರಡೂ ಕೂಡಿದ ದಿನಗಳು. ಆ ಮಳೆಯಲ್ಲಿ ಏಗರ್ ಸ್ಟ್ರೀಟಿನ ಮೂಲೆಯ 18 ಮೈಗಳು ಎಂದಿನಂತೆ ನೆನೆಯುತ್ತಿದ್ದವು.